ದ್ವಿಮುಖ ವ್ಯಕ್ತಿತ್ವ: ವಿಕ್ಟೋರಿಯನ್ ಗಾಥಿಕ್ ಕಥೆಗಳಲ್ಲಿಯೂ ಗೋಕಾಕ–ಹುಕ್ಕೇರಿ ಸೀಮೆಯ ಸಾಹಿತ್ಯದಲ್ಲಿಯೂ

ಒಬ್ಬನೇ ಮನುಷ್ಯನೊಳಗೆ ಪರಸ್ಪರ ವಿರುದ್ಧವಾದ ಎರಡು ಸ್ವಭಾವಗಳು ನೆಲೆಸಿರುವುವೆಂದೂ, ಒಮ್ಮೊಮ್ಮೆ ಅವು ಬೇರೆಬೇರೆ ದೇಹಗಳನ್ನೇ ತಾಳಿ ಒಂದಕ್ಕೊಂದು ಎದುರಾಗಿ ನಿಲ್ಲುವುವೆಂದೂ ಭಾವಿಸಿ ಕಟ್ಟಿದ ಕಥಾವಸ್ತು. ವಿಕ್ಟೋರಿಯಾ ರಾಣಿಯ ಆಳಿಕೆಯ (1837–1901) ಕೊನೆಯ ದಶಕಗಳಲ್ಲಿ ಇಂಗ್ಲಿಷಿನ ಗಾಥಿಕ್ ಕಥೆಗಳು, ಎಂದರೆ ಭಯವನ್ನೂ ನಿಗೂಢತೆಯನ್ನೂ ಪ್ರಧಾನ ರಸವಾಗಿ ಉಳ್ಳ ಕಥೆಗಳು, ಈ ವಸ್ತುವನ್ನು ಅದರ ಪರಾಕಾಷ್ಠೆಗೆ ಒಯ್ದವು. ಕನ್ನಡದಲ್ಲಿ ಇದೇ ಪ್ರಶ್ನೆಯನ್ನು ಅಷ್ಟೇ ಧೈರ್ಯದಿಂದ ಕೈಗೆತ್ತಿಕೊಂಡ ಕೃತಿ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ ನಾಟಕ.

ಇಂಗ್ಲಿಷಿನಲ್ಲಿ ಈ ಪರಂಪರೆ ವಿಕ್ಟೋರಿಯನ್ ಯುಗಕ್ಕಿಂತ ಹಳೆಯದು. ಜೇಮ್ಸ್ ಹಾಗ್ ಎಂಬ ಸ್ಕಾಟಿಷ್ ಲೇಖಕನು ತನ್ನ ಪ್ರತಿರೂಪದಿಂದಲೇ ಪಾಪಕ್ಕೆ ಪ್ರೇರಿತನಾಗುವ ವ್ಯಕ್ತಿಯ ಕಥೆಯನ್ನು 1824ರಷ್ಟು ಹಿಂದೆಯೇ ಬರೆದಿದ್ದನು. ಆದರೆ ಡಾರ್ವಿನನ ಗ್ರಂಥಗಳು (1859, 1871) ಮನುಷ್ಯನ ವಂಶವೃಕ್ಷದ ಬೇರಿನಲ್ಲಿ ಮೃಗವನ್ನು ತೋರಿಸಿದ ಮೇಲೆ, ಮರ್ಯಾದೆಯೇ ಪರಮ ಮೌಲ್ಯವಾಗಿದ್ದ ಆ ಮಧ್ಯಮವರ್ಗಕ್ಕೆ, ತನ್ನ ಅಂಗಿಯ ಗುಂಡಿಗಳ ಹಿಂದೆ ಏನಿದೆಯೆಂಬ ಅಂಜಿಕೆ ಹೊಸ ತೀಕ್ಷ್ಣತೆಯನ್ನು ಪಡೆಯಿತು. ರಾಬರ್ಟ್ ಲೂಯಿ ಸ್ಟೀವನ್ಸನ್ ಬರೆದು 1886ರ ಜನವರಿಯಲ್ಲಿ ಪ್ರಕಟವಾದ ‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’ ಹುಟ್ಟಿದ್ದು ಈ ಅಂಜಿಕೆಯಿಂದ. ಹಗಲಿನಲ್ಲಿ ಗೌರವಾನ್ವಿತ ಬಡಗಿಯೂ ನಗರಸಭೆಯ ಸದಸ್ಯನೂ ಆಗಿದ್ದು ರಾತ್ರಿ ಕನ್ನ ಹಾಕುತ್ತಿದ್ದ, 1788ರಲ್ಲಿ ಎಡಿನ್‌ಬರೋದಲ್ಲಿ ಗಲ್ಲಿಗೇರಿದ ವಿಲಿಯಂ ಬ್ರೋಡಿಯ ವೃತ್ತಾಂತ ಆ ಊರಿನವನಾದ ಸ್ಟೀವನ್ಸನ್ನನನ್ನು ಬಹುಕಾಲ ಕಾಡಿತ್ತು. ಬ್ರೋಡಿಯ ಮೇಲೆ ಆತ ಗೆಳೆಯನೊಡನೆ ಕೂಡಿ ನಾಟಕವನ್ನೂ ರಚಿಸಿದ್ದನು.

ಆ ಕಿರುಕಾದಂಬರಿಯ ಮರ್ಮ ಜೆಕಿಲನ ಮನೆಯ ರಚನೆಯಲ್ಲಿಯೇ ಅಡಗಿದೆ. ಚೌಕದತ್ತ ಮುಖಮಾಡಿದ ತಲೆಬಾಗಿಲು ಸಂಪನ್ನವಾಗಿ ಬೆಳಗುತ್ತದೆ. ಹಿಂದಿನ ಓಣಿಗೆ ತೆರೆಯುವ ಪ್ರಯೋಗಶಾಲೆಯ ಬಾಗಿಲಿಗೆ ಕರೆಗಂಟೆಯಿಲ್ಲ, ಬಣ್ಣ ಬೊಕ್ಕೆಯೆದ್ದಿದೆ, ಅದರ ಕೀಲಿಕೈ ಹೈಡನಲ್ಲಿದೆ. ಎರಡೂ ಒಂದೇ ಮನೆಯ ಬಾಗಿಲುಗಳೆಂಬುದು ಓದುಗನಿಗೆ ತಡವಾಗಿ ತಿಳಿಯುತ್ತದೆ. ತನ್ನ ಕೇಡನ್ನು ಬೇರ್ಪಡಿಸುವ ಔಷಧವನ್ನು ಕುಡಿದು ಹೈಡನಾದ ಜೆಕಿಲನ ಮೈ ಕುಗ್ಗುತ್ತದೆ, ಉಡುಪು ಜೋಲುತ್ತದೆ. ಅದುಮಿಟ್ಟ ಭಾಗಕ್ಕೆ ಬೆಳೆಯಲು ಅವಕಾಶವೇ ಇರಲಿಲ್ಲವೆಂಬುದು ಅವನೇ ಕೊಡುವ ಕಾರಣ. ಕಡೆಗೊಂದು ಮುಂಜಾನೆ, ಔಷಧವನ್ನು ಮುಟ್ಟದೆ ಜೆಕಿಲನಾಗಿಯೇ ಮಲಗಿದ್ದವನು ಕಣ್ತೆರೆದಾಗ ಹಾಸಿಗೆಯ ಮೇಲೆ ಕಾಣುವುದು ನರಗಳು ಉಬ್ಬಿದ, ಕಪ್ಪು ರೋಮದ ಹೈಡನ ಕೈ. ಈ ಕಥೆಯಲ್ಲಿ ಇದಕ್ಕಿಂತ ಭಯಂಕರವಾದ ಗಳಿಗೆಯಿಲ್ಲ. ಕೊಲೆಯೂ ಇದರ ಮುಂದೆ ಸಪ್ಪೆ. ಆಸ್ಕರ್ ವೈಲ್ಡನ ‘ಡೋರಿಯನ್ ಗ್ರೇ’ (1890), ವೆಲ್ಸನ ‘ಡಾಕ್ಟರ್ ಮೊರೊ ದ್ವೀಪ’ (1896), ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಇವು ಇದೇ ದಾರಿಯ ಮುಂದಿನ ಮಜಲುಗಳು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಮನುಷ್ಯನ ಕಡಿವಾಣವಿಲ್ಲದ ಕಾಮಕ್ಕೆ ಒದಗಿದ ಸ್ಥಾನ ಹಿಂಬಾಗಿಲಿನದಲ್ಲ. ಭಾದ್ರಪದದಲ್ಲಿ ಗಣೇಶ ಚೌತಿಯ ಬೆನ್ನಿಗೇ ಬರುವ ಜೋಕುಮಾರನನ್ನು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಮಣ್ಣಿನಲ್ಲಿ ಮಾಡಿ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿ, ಬಾಯಿಗೆ ಬೆಣ್ಣೆ ಹಚ್ಚಿ, ತಲೆಯ ಮೇಲೆ ಹೊತ್ತು, ಹಾಡುತ್ತ ಮನೆಮನೆಯ ತಲೆಬಾಗಿಲಿಗೆ ಬರುತ್ತಾರೆ. ಪರಸ್ತ್ರೀಯರನ್ನು ಕೆಣಕುವ ಪುಂಡನಾದ ಈ ದೈವವನ್ನು ಹುಣ್ಣಿಮೆಯ ಹೊತ್ತಿಗೆ ಕೊಂದುಹಾಕುವರು, ಕೊಂದ ಮೇಲೆ ಅಳುವರು. ಜನರ ನಂಬಿಕೆಯಲ್ಲಿ ಗಣೇಶನು ಕಡುಬು ತಿಂದು ಹೋಗಿ ಭೂಲೋಕ ಸುಖವಾಗಿದೆಯೆಂದು ಶಿವನಿಗೆ ಹೇಳುವವನು. ಬರಗಾಲದ ನಿಜಸ್ಥಿತಿಯನ್ನು ಅರುಹಿ ಮಳೆ ತರಿಸುವವನು ಜೋಕುಮಾರ. ಸಭ್ಯನು ಮೇಲುನೋಟದ ವರದಿ ಒಪ್ಪಿಸುತ್ತಾನೆ, ಅಸಭ್ಯನು ಸತ್ಯವನ್ನು ನುಡಿಯುತ್ತಾನೆ ಎಂಬ ಈ ವಿಭಜನೆ ಜೆಕಿಲ್–ಹೈಡರ ವಿಭಜನೆಗಿಂತ ಆಳವಾದುದೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಕಂಬಾರರ 1972ರ ‘ಜೋಕುಮಾರಸ್ವಾಮಿ’ ಈ ಆಚರಣೆಯ ಮಣ್ಣಿನಿಂದಲೇ ಮೂಡಿದ ನಾಟಕ.

‘ಸಿರಿಸಂಪಿಗೆ’ಯ ರೂಪ ಬಯಲಾಟದ್ದು. ಇಂದಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನು ಬೆಳೆಸಿದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯು ಮೆರೆಸಿದ ‘ಶ್ರೀಕೃಷ್ಣ ಪಾರಿಜಾತ’ದ ನಾಡಿನಲ್ಲಿ ಹುಟ್ಟಿ, ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ತಮ್ಮ ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಂಡ ಕಂಬಾರರಿಗೆ, ಭಾಗವತನ ಮೇಳವೂ ಹಾಡೂ ಎರವಲಿನ ಅಲಂಕಾರಗಳಾಗಿರದೆ ಬಾಲ್ಯದ ಭಾಷೆಯೇ ಆಗಿದ್ದವು. ರಾಜಕುಮಾರ ಶಿವನಾಗದೇವನು ಹೊರಗಿನ ಹೆಣ್ಣನ್ನು ಒಲ್ಲನು; ತನ್ನ ಮೈಯ ಅರ್ಧದಲ್ಲಿ ಇರುವ ಹೆಣ್ಣೇ ತನಗೆ ಬೇಕೆನ್ನುವನು. ತನ್ನನ್ನು ಎರಡಾಗಿ ಸೀಳಿ ಎರಡು ಕೊಡಗಳಲ್ಲಿ ಇರಿಸಬೇಕೆಂದು ಹಟ ಹಿಡಿಯುವನು. ಅರ್ಧನಾರೀಶ್ವರನ ಕಲ್ಪನೆಯನ್ನು ಬಲ್ಲ ಪ್ರೇಕ್ಷಕನು ಹೆಣ್ಣನ್ನು ನಿರೀಕ್ಷಿಸುತ್ತಿರುವಾಗ, ಒಂದು ಕೊಡದಿಂದ ರಾಜಕುಮಾರನೂ ಇನ್ನೊಂದರಿಂದ ಕಾಳಿಂಗನೆಂಬ ಸರ್ಪವೂ ಹೊರಬರುತ್ತವೆ. ಮುಂದೆ ಸಿರಿಸಂಪಿಗೆಯನ್ನು ಮದುವೆಯಾದರೂ ಅವಳ ಮೈಯನ್ನು ಮುಟ್ಟಲಾರದ ಗಂಡನ ಅರಮನೆಗೆ, ಅವನು ತೊರೆದ ಆ ಅರ್ಧವೇ ಇರುಳಿನಲ್ಲಿ ಬಂದು ಅವಳ ಒಲವನ್ನು ಪಡೆಯುತ್ತದೆ. ಕೊನೆಗೆ ರಾಜಕುಮಾರನು ಸರ್ಪವನ್ನು ಕೊಲ್ಲುತ್ತಾನೆ; ಕೊಂದು ತಾನೂ ಸಾಯುತ್ತಾನೆ. ಅವಳಿ, ಜವಳಿ ಎಂಬ ವಿನೋದದ ಜೋಡಿಯೂ ನಾಟಕದಲ್ಲಿದ್ದು, ಇಬ್ಬಗೆಯ ವಸ್ತು ನಗೆಯ ಮೂಲಕವೂ ಮರುಕೊಳಿಸುತ್ತದೆ.

ಅರ್ಧವನ್ನು ಕೊಂದವನು ಪೂರ್ಣವಾಗಿ ಬದುಕಲಾರನೆಂಬ ಅಂತ್ಯದಲ್ಲಿ ಸ್ಟೀವನ್ಸನ್ ಮತ್ತು ಕಂಬಾರರು ಒಂದೇ ಕಡೆ ಬಂದು ನಿಲ್ಲುತ್ತಾರೆ. ಅಲ್ಲಿಗೆ ಬಂದ ದಾರಿ ಮಾತ್ರ ಬೇರೆ. ಜೆಕಿಲನು ಬೇರ್ಪಡಿಸಿದ್ದು ತನ್ನ ಕೇಡನ್ನು. ಶಿವನಾಗದೇವನು ಬೇರ್ಪಡಿಸಹೊರಟದ್ದು ತಾನು ಪರಿಪೂರ್ಣವೆಂದು ತಿಳಿದದ್ದನ್ನು, ಮತ್ತು ಅವನಿಂದ ಕಳಚಿಹೋದುದು ಅವನ ಪ್ರಾಣಶಕ್ತಿಯೇ. ಹೈಡನ ಕಥೆಯಲ್ಲಿ ಹೆಣ್ಣುಗಳು ಹೆಸರಿಗಷ್ಟೇ ಉಂಟು: ಒಬ್ಬ ಬಾಲೆ, ಒಬ್ಬ ಸೇವಕಿ, ಮನೆ ಕಾಯುವ ಒಬ್ಬ ಮುದುಕಿ. ಕಂಬಾರರಲ್ಲಿ ಎರಡು ಅರ್ಧಗಳಲ್ಲಿ ಯಾವುದು ನಿಜವೆಂಬುದನ್ನು ಅಳೆಯುವವಳು ಹೆಣ್ಣು, ಅವಳ ಹೆಸರೇ ನಾಟಕದ ಹೆಸರು. ಸರ್ಪವು ಗಂಡನ ಸ್ಥಾನಕ್ಕೆ ಬರುವ ಇಂಥದೇ ಜನಪದ ಕಥೆಯನ್ನು ಎ. ಕೆ. ರಾಮಾನುಜನ್ನರಿಂದ ಕೇಳಿ ಗಿರೀಶ ಕಾರ್ನಾಡರು ‘ನಾಗಮಂಡಲ’ವನ್ನು (1988) ಬರೆದರಾದರೂ, ಅಲ್ಲಿ ನಾಗ ಮತ್ತು ಗಂಡ ಒಂದೇ ದೇಹದ ಹೋಳುಗಳಲ್ಲ, ಆದಕಾರಣ ನಮ್ಮ ವಿಷಯಕ್ಕೆ ‘ಸಿರಿಸಂಪಿಗೆ’ಯೇ ಹೆಚ್ಚು ಹತ್ತಿರದ್ದು. ಕಂಬಾರರ ‘ಹೇಳತೇನ ಕೇಳ’ ಎಂಬ ಲಾವಣಿಯ ಧಾಟಿಯ ಕಥನಕಾವ್ಯದಲ್ಲಿಯೂ ಗೌಡನನ್ನು ನುಂಗಿದ ರಾಕ್ಷಸನು ಅವನ ರೂಪದಲ್ಲೇ ಊರು ಸೇರುತ್ತಾನೆ.

ಮರ್ಯಾದೆಯ ಮುಖವಾಡವೆಂಬ ವಿಕ್ಟೋರಿಯನ್ ಚಿಂತೆಗೆ ಈ ಸೀಮೆಯಲ್ಲಿ ನೇರವಾದ ಉತ್ತರಾಧಿಕಾರಿಯೆಂದರೆ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಜನಿಸಿದ ಬಸವರಾಜ ಕಟ್ಟೀಮನಿ (1919–1989). ಅವರ ‘ಜರತಾರಿ ಜಗದ್ಗುರು’ ಕಾದಂಬರಿಯಲ್ಲಿ ಮದ್ದೂ ಇಲ್ಲ, ಮಾಯೆಯೂ ಇಲ್ಲ. ಪೀಠದ ಮೇಲಿನ ವೈಭವಕ್ಕೂ ಒಳಮನೆಯ ಬದುಕಿಗೂ ಇರುವ ಅಂತರವೇ ಸಾಕು. ಪ್ರಗತಿಶೀಲ ಲೇಖಕರಾದ ಅವರು ಈ ಇಬ್ಬಗೆಯನ್ನು ಮನುಷ್ಯಸ್ವಭಾವದ ಶಾಪವೆಂದು ಬಗೆಯದೆ, ಅಧಿಕಾರವೂ ಭಕ್ತರ ಕುರುಡುನಂಬಿಕೆಯೂ ಸೇರಿ ಸಾಕಿದ ರೋಗವೆಂದು ಬಗೆದರು. ಅವರ ನಿರ್ದಾಕ್ಷಿಣ್ಯವಾದ ಸಿಟ್ಟಿನಲ್ಲಿ ಸ್ಟೀವನ್ಸನ್ನನ ನಿಗೂಢತೆ ಇಲ್ಲದಿರಬಹುದು, ಆದರೆ ಬಾಧಿತರ ಮೇಲಿನ ಕರುಣೆ ಅವನಲ್ಲಿರುವುದಕ್ಕಿಂತ ಹೆಚ್ಚಾಗಿದೆ. 1980ರಲ್ಲಿ ಬೆಳಗಾವಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ‘ಸಿರಿಸಂಪಿಗೆ’ಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು; ಕಂಬಾರರ ಸಮಗ್ರ ಸಾಹಿತ್ಯಕ್ಕೆ 2010ನೆಯ ಸಾಲಿನ ಜ್ಞಾನಪೀಠ ಸಂದಿತು.