ಬಳ್ಳಾರಿಗೆ ವಿಮಾನ ಬಂದಿದ್ದು 1932ರಲ್ಲಿ. ನಮ್ಮ ಮಕ್ಕಳು ಓಡಿಸೋದು ಯಾವಾಗ?



ಬರಹ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಕುಷ್ಟಗಿ ತಾಲೂಕಿನ ಒಂದು ಹಾಸ್ಟೆಲ್‌ಗೆ ಸಂವಿಧಾನದ ಬಗ್ಗೆ ಮಾತಾಡಲು ಹೋಗಿದ್ದೆ. ಕೊನೆಗೆ ಪಿಯುಸಿ ಓದೋ ಹುಡುಗಿಯೊಬ್ಬಳು ಎದ್ದು, "ಸರ್, ಪೈಲಟ್ ಆಗಾಕ ಏನ್ ಓದಬೇಕ್ರಿ?" ಅಂದ್ಳು. ಉಳಿದವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ನನಗೇ ಚುಚ್ಚಿತು. ಅವಳಿಗೆ ಉತ್ತರ ಕೊಡಬೇಕು ಅಂತ ಹುಡುಕಿ ಓದಿದ್ದನ್ನ ಇಲ್ಲಿ ಬರೀತಿದ್ದೀನಿ.

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ವಿಮಾನ ತಂದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನ ಮದ್ರಾಸಿಗೆ ಒಯ್ದರು. ನಡುವೆ ಎಲ್ಲಿ ಇಳಿದರು ಗೊತ್ತಾ? ನಮ್ಮ ಪಕ್ಕದ ಬಳ್ಳಾರಿಯಲ್ಲಿ! ಆಗ ಬಳ್ಳಾರಿ ಬ್ರಿಟಿಷರದ್ದು. ತುಂಗಭದ್ರೆಯ ಈ ಕಡೆ ನಾವು ನಿಜಾಮನ ರಾಜ್ಯದವರು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಜಹಗೀರು. ಅಂದರೆ ದೇಶದ ವಿಮಾನಯಾನ ಹುಟ್ಟಿದ ವಾರದಲ್ಲೇ ವಿಮಾನ ನಮ್ಮ ಹೊಳೆಯ ಆಚೆ ದಂಡೆಗೆ ಬಂದಿತ್ತು. ನಮ್ಮ ಅಜ್ಜಂದಿರಿಗೆ ಆಗ ಊರ ಬಾವಿ ನೀರೇ ಸಿಗ್ತಿರಲಿಲ್ಲ.

ಮುಂದೆ 1945ರಲ್ಲಿ ನಿಜಾಮ್ ಸರ್ಕಾರವೇ ಟಾಟಾ ಜೊತೆ ಸೇರಿ ಡೆಕ್ಕನ್ ಏರ್‌ವೇಸ್ ಕಟ್ಟಿತು. ಹೈದರಾಬಾದಿನ ಬೇಗಂಪೇಟೆ ಅದರ ನೆಲೆ. ನಮ್ಮ ರಾಜ್ಯದ್ದೇ ಕಂಪನಿ ಅನ್ನಿ. ಅಲ್ಲೊಂದು ಕಥೆ ಐತಿ. ಪ್ರೇಮ್ ಮಾಥುರ್ ಅನ್ನೋ ಹೆಣ್ಣುಮಗಳು 1947ರಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದರು. ಎಂಟು ಕಂಪನಿಗಳು "ಹೆಂಗಸರ ವಿಮಾನಕ್ಕೆ ಜನ ಹತ್ತಲ್ಲ" ಅನ್ನೋ ಭಯದಲ್ಲಿ ಬೇಡ ಅಂದವು. ಕೊನೆಗೆ ಕೆಲಸ ಕೊಟ್ಟಿದ್ದು ಇದೇ ಡೆಕ್ಕನ್ ಏರ್‌ವೇಸ್. ಆದರೆ ಕೋ-ಪೈಲಟ್ ಸೀಟಲ್ಲೇ ಕೂರಿಸಿದರು, ವಿಮಾನ ಪೂರ್ತಿ ಅವರ ಕೈಗೆ ಕೊಡಲಿಲ್ಲ. ಇವತ್ತು ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ. 15 ಮಹಿಳೆಯರು, ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. "ಇವರ ಕೈಲಿ ಆಗಲ್ಲ" ಅಂದಿದ್ದು ಸುಳ್ಳಾಯ್ತಲ್ಲ? ಒಂದು ಬಾಗಿಲು ತೆಗೆದಿದ್ದಕ್ಕೆ ಆಗಿದ್ದು ಇದು.

ನಮ್ಮ ಬಾಗಿಲು ಎಲ್ಲಿತ್ತು? 1953ರಲ್ಲಿ ವಿಮಾನ ಕಂಪನಿಗಳು ರಾಷ್ಟ್ರೀಕರಣ ಆದವು. ಡೆಕ್ಕನ್ ಏರ್‌ವೇಸ್ ಕೂಡ ಇಂಡಿಯನ್ ಏರ್‌ಲೈನ್ಸ್‌ಗೆ ಸೇರಿತು. ಸರ್ಕಾರಿ ಸಂಸ್ಥೆ ಅಂದಮೇಲೆ ಮುಂದೆ ಪೈಲಟ್ ನೇಮಕದಲ್ಲೂ ಎಸ್‌ಸಿ, ಎಸ್‌ಟಿಗೆ ಮೀಸಲು ಹುದ್ದೆ ಬಂದವು. ಬಾಬಾಸಾಹೇಬರ ಪೆನ್ನಿನ ಶಕ್ತಿ ಅದು. ಹುದ್ದೆ ಇತ್ತು, ಆದರೆ ಲೈಸೆನ್ಸ್ ಮಾಡಿಸಲು ದುಡ್ಡು ಯಾರ ಹತ್ರ ಇತ್ತು? ನಮ್ಮವರು ದುಡ್ಡು ಕೂಡಿಸೋ ಹೊತ್ತಿಗೆ, 2022ರ ಜನವರಿ 27ಕ್ಕೆ ಏರ್ ಇಂಡಿಯಾ ಮತ್ತೆ ಟಾಟಾ ಕೈ ಸೇರಿತು. ಖಾಸಗಿ ಆದಮೇಲೆ ಮೀಸಲಾತಿ ಇಲ್ಲ. ನಮಗೆ 371ಜೆ ಐತಿ ಅಂತ ಖುಷಿ ಪಡ್ತೀವಿ; ಅದೂ ವಿಮಾನ ಕಂಪನಿಗೆ ಅನ್ವಯಿಸಲ್ಲ.

ಈಗಿನ ಲೆಕ್ಕ ಕೇಳಿ. 200 ಗಂಟೆ ಹಾರಾಟ, ಡಿಜಿಸಿಎ ಪರೀಕ್ಷೆಗಳು, ಕ್ಲಾಸ್ ಒನ್ ಮೆಡಿಕಲ್. ಆಮೇಲೆ ಏರ್‌ಬಸ್ಸೋ ಬೋಯಿಂಗೋ, ಆ ವಿಮಾನಕ್ಕೇ ಬೇರೆ ತರಬೇತಿ. ಅದಕ್ಕೆ ಟೈಪ್ ರೇಟಿಂಗ್ ಅಂತಾರೆ. ಎಲ್ಲ ಸೇರಿ ಅರ್ಧ ಕೋಟಿ ದಾಟುತ್ತೆ. ಅಷ್ಟಾದ ಮೇಲೂ ಕೆಲಸ ಗ್ಯಾರಂಟಿ ಇಲ್ಲ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಮುಚ್ಚಿದಾಗ ಸಾವಿರಾರು ಗಂಟೆ ಹಾರಿಸಿದವರೇ ಬೀದಿಗೆ ಬಂದರು. ಹೊಸಬರು ಅವರ ಹಿಂದೆ ಸಾಲು ನಿಲ್ಲಬೇಕು. ಅಪ್ಪನ ಹತ್ರ ಆಸ್ತಿ ಇದ್ದವನು ಎರಡು ವರ್ಷ ಕಾಯ್ತಾನೆ. ಗಂಗಾವತಿ ಗದ್ದೆಯಲ್ಲಿ ಭತ್ತದ ನಾಟಿ ಮಾಡೋ ತಾಯಿಯ ಮಗಳು ಬ್ಯಾಂಕಿನ ಕಂತು ಎಷ್ಟು ದಿನ ಕಟ್ಟಾಳು?

ಇನ್ನೊಂದು. 1990ರ ದಶಕದ ಮಧ್ಯದವರೆಗೆ ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕಿತ್ತು. ಆಮೇಲೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯ ಮಾಡಿದರು. ನಮ್ಮ ಹಳ್ಳಿ ಮಕ್ಕಳು ಹೆಚ್ಚಿಗೆ ಓದೋದು ಆರ್ಟ್ಸ್. ನಾನೂ ಬಿಎನೇ. ಸೈನ್ಸ್ ಕಾಲೇಜು ದೂರ, ಟ್ಯೂಷನ್ ಫೀ ಜಾಸ್ತಿ. ಹದಿನಾರನೇ ವಯಸ್ಸಿಗೇ ಬಾಗಿಲು ಬಂದ್!

2021ರಲ್ಲಿ ಇದೇ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಏನಾಯ್ತು ನೆನಪಿದೆಯಲ್ಲ? ಎರಡು ವರ್ಷದ ಮಗು ಗುಡಿಯೊಳಗೆ ಓಡಿ ಹೋಗಿದ್ದಕ್ಕೆ 25,000 ರೂಪಾಯಿ ದಂಡ ಕೇಳಿದರು. ಆ ಮಗುವಿಗೆ 18 ತುಂಬಿ, ಪೈಲಟ್ ಲೈಸೆನ್ಸ್‌ಗೆ ವಯಸ್ಸು ಬರೋದು 2037ರ ಸುಮಾರಿಗೆ. ಅಷ್ಟರೊಳಗೆ ನಾವು ಏನು ಮಾಡ್ತೀವಿ?

ನನ್ನ ಬೇಡಿಕೆ ಮೂರು. ಪ್ರತಿ ಹೋಬಳಿಯಲ್ಲಿ ಸರ್ಕಾರಿ ಸೈನ್ಸ್ ಪಿಯು ಕಾಲೇಜು ಬೇಕು. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಿಂದ ಟೈಪ್ ರೇಟಿಂಗ್ ಸೇರಿ ಪೂರ್ತಿ ಪೈಲಟ್ ತರಬೇತಿ ಕೊಡಬೇಕು. ಖಾಸಗಿ ವಿಮಾನ ಕಂಪನಿಗಳಲ್ಲೂ ಮೀಸಲಾತಿ ಬರಬೇಕು.

ಆ ತಂಗಿಗೆ ಉತ್ತರ: ಅವ್ವಾ, ನೀನು ಆರ್ಟ್ಸ್ ಓದ್ತಿದ್ರೂ ಎನ್‌ಐಓಎಸ್‌ನಲ್ಲಿ ಭೌತಶಾಸ್ತ್ರ, ಗಣಿತ ಬರೆದು ಪಾಸಾಗಬಹುದು. ರಾಯ್‌ಬರೇಲಿ ಹತ್ರ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಐತಿ, ಅಲ್ಲಿ ನಮಗೆ ಸೀಟು ಮೀಸಲು. ಬೆಂಗಳೂರಿನ ಜಕ್ಕೂರಲ್ಲಿ ರಾಜ್ಯ ಸರ್ಕಾರದ್ದೇ ಶಾಲೆ ಐತಿ. ಅರ್ಜಿ ತುಂಬಲು ನಾನು ಬರ್ತೀನಿ, ಅದು ನನ್ನ ದಿನದ ಕೆಲಸವೇ. ಅವತ್ತು ನಕ್ಕಿದ್ದಕ್ಕೆ ಕ್ಷಮಿಸು.

ಜೈ ಭೀಮ್. ನಿಮ್ಮ ಊರಿನ ಹಾಸ್ಟೆಲ್ ಮಕ್ಕಳಿಗೆ ಇದನ್ನ ಓದಿ ಹೇಳಿ.