ಮಜೂರ ಸಂಘವೂ ಹೈದರಾಬಾದು ವಿಮೋಚನೆಯೂ

ಹೈದರಾಬಾದು ಸಂಸ್ಥಾನದ ವಿಮೋಚನೆಯಲ್ಲಿ ಮಜೂರ ಸಂಘಗಳ ಪಾಲೆಷ್ಟೆಂದು ಯಾದಗಿರಿ, ಶಹಾಪುರ, ಸುರಪುರಗಳ ವಾಚಕರು ಕೇಳಿದರೆ, ಮೊದಲ ನೋಟಕ್ಕೆ ಹೇಳತಕ್ಕದ್ದು ಅತ್ಯಲ್ಪ. ಅರಿವೆಯ ಗಿರಣಿಯಿದ್ದುದು ಕಲಬುರ್ಗಿಯಲ್ಲಿ. ಸಿಮೆಂಟಿನ ಕಾರಖಾನೆಯಿದ್ದುದು ಶಹಾಬಾದಿನಲ್ಲಿ. ನಮ್ಮ ತಾಲೂಕುಗಳ ದುಡಿಮೆಗಾರನೆಂದರೆ ಹೊಲದ ಕೂಲಿಕಾರ, ಇಲ್ಲವೆ ಸಾಲಕ್ಕೆ ಮೈಮಾರಿಕೊಂಡ ಜೀತದಾಳು. ಅವನಿಗೆ ಸಂಘವೆಲ್ಲಿಯದು? ‘ಗಷ್ತಿ 53’ ಎಂಬ ಸುತ್ತೋಲೆಯ ದೆಸೆಯಿಂದ ಸಭೆ ಕೂಡುವುದೇ ದುಸ್ತರವಾಗಿದ್ದ ರಾಜ್ಯವದು.

ಆದರೂ ಈ ಸಂಬಂಧದ ಬೇರು ನಮಗೆ ದೂರವಿಲ್ಲ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನೆರೆಯ ಸಿಂದಗಿಯಲ್ಲಿ 1903ರಲ್ಲಿ ಜನಿಸಿದ ವ್ಯಂಕಟೇಶ ಖೇಡಗೀಕರರು ವಿದ್ಯಾಭ್ಯಾಸ ಮುಗಿಸಿ ಮಠವನ್ನು ಸೇರಲಿಲ್ಲ. ಕಾಮಗಾರರ ಮುಂದಾಳು ಎನ್. ಎಂ. ಜೋಶಿಯವರ ಕೈಕೆಳಗೆ ಕೆಲಸಕ್ಕೆ ನಿಂತರು. ಚದುರಿದ ಜನರನ್ನು ಒಂದು ಮಾತಿಗೆ ತರುವ ವಿದ್ಯೆ ಯಾವ ಪಾಠಶಾಲೆಯಲ್ಲಿಯೂ ದೊರೆಯುವುದಿಲ್ಲ; ವ್ಯಾಕರಣ ಓದಿದ ನಾನಿದನ್ನು ಬಲ್ಲೆ. ಮುಂದೆ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾಗಿ, ಸಂನ್ಯಾಸ ಸ್ವೀಕರಿಸಿ, ಸ್ವಾಮಿ ರಮಾನಂದ ತೀರ್ಥರೆನಿಸಿದ ಇವರೇ 1938ರ ಅಕ್ಟೋಬರದಲ್ಲಿ ರಾಜ್ಯ ಕಾಂಗ್ರೆಸ್ಸಿನ ಸತ್ಯಾಗ್ರಹದಲ್ಲಿ ಸೆರೆ ಹೋದರು. ಚರಿತ್ರಕಾರರು ಅವರ ಕಾವಿಯನ್ನು ವರ್ಣಿಸಿದಷ್ಟು ಮಜೂರರ ನಡುವಣ ಆ ಪೂರ್ವಾಭ್ಯಾಸವನ್ನು ವರ್ಣಿಸಿಲ್ಲವೆಂಬುದು ನನ್ನ ಆಕ್ಷೇಪ.

ಯಾದಗಿರಿಯ ಮೇಲೆ ಹಾಯುವ ರೈಲುಹಾದಿ 1871ರಲ್ಲಿ ರಾಯಚೂರನ್ನು ಮುಟ್ಟಿತು. ಆ ಜಿ.ಐ.ಪಿ. ರೈಲ್ವೆಯ ಕಾಮಗಾರರು 1930ರ ಫೆಬ್ರುವರಿ 4ರಂದು ಮುಷ್ಕರ ಹೂಡಿದಾಗ ದಂಡೀಯಾತ್ರೆಗೆ ಇನ್ನೂ ತಿಂಗಳಿಗೆ ಮಿಕ್ಕು ಕಾಲವಿತ್ತು. ರಾಜಕಾರಣಕ್ಕೆ ಮೊದಲೇ ಸಂಬಳದ ಪ್ರಶ್ನೆ ಎದ್ದು ನಿಂತಿತ್ತೆಂಬುದಕ್ಕೆ ಇದೊಂದು ನಿದರ್ಶನ.

ಸಂಸ್ಥಾನದೊಳಗೆ 1946ರಲ್ಲಿ ಅಖಿಲ ಹೈದರಾಬಾದು ಟ್ರೇಡ್ ಯೂನಿಯನ್ ಕಾಂಗ್ರೆಸ್ ಸ್ಥಾಪಿತವಾಯಿತು. ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನರು ಅದರ ಅಧ್ಯಕ್ಷರು. 1947ರ ಆಗಸ್ಟ್ 7ರಂದು ಆರಂಭವಾದ ಭಾರತ ಒಕ್ಕೂಟ ಸೇರುವ ಚಳವಳಿಯಲ್ಲಿ ರಾಜ್ಯ ಕಾಂಗ್ರೆಸ್ಸಿನವರೊಡನೆ ಕಮ್ಯುನಿಸ್ಟರೂ ಕೂಡಿದರು. ಆ ಕೂಟ ಬಹುಕಾಲ ಬಾಳಲಿಲ್ಲ. ಒಬ್ಬರಿಗೆ ವಿಲೀನವೇ ಗುರಿ. ಇನ್ನೊಬ್ಬರಿಗೆ ಭೂಮಿಯೂ ಬೇಕು. ತೆಲಂಗಾಣದಲ್ಲಿ ಅವರ ಸಶಸ್ತ್ರ ಹೋರಾಟ 1951ರ ವರೆಗೆ ನಡೆಯಿತು. ನಮ್ಮ ಸೀಮೆಯ ಕಾರ್ಯಕರ್ತರು ಬಹುಮಟ್ಟಿಗೆ ಕಾಂಗ್ರೆಸ್ಸಿನ ಗಡಿಶಿಬಿರಗಳನ್ನು ಹಿಡಿದರು. ಅವರ ಸಾಹಸ ಸಾಮಾನ್ಯವಲ್ಲ. ಆದರೆ ಜೀತದಾಳಿನ ಮಾತನ್ನು ಕೊನೆಯವರೆಗೆ ಆಡುವವರು ಅಲ್ಲಿ ವಿರಳ.

ಭಾಗೇಲಾ ಎಂಬ ಜೀತಕರಾರುಗಳಿಗೆ ನಿಜಾಮನ ಸರಕಾರವೇ 1936ರಲ್ಲಿ ಕಾಯಿದೆಯಿಂದ ಮಿತಿ ಹಾಕಿತ್ತು, ಕಾಗದದ ಮೇಲೆ. 1948ರ ಸಪ್ಟಂಬರ 17ರಂದು ನಿಜಾಮಶಾಹಿ ಮುಗಿಯಿತು. ಜೀತವನ್ನು ದೇಶದಾದ್ಯಂತ ರದ್ದುಪಡಿಸಿದ ಕಾಯಿದೆ ಬಂದುದು 1976ರಲ್ಲಿ.