ಪಾನಮುಕ್ತಿ ಸಭೆ

ಮದ್ಯವ್ಯಸನದಿಂದ ಬಿಡುಗಡೆಯನ್ನು ಬಯಸುವವರು ಒಂದೆಡೆ ನೆರೆದು, ತಂತಮ್ಮ ಅನುಭವವನ್ನು ಪರಸ್ಪರ ಹೇಳಿಕೊಂಡು, ಆ ಮೂಲಕವೇ ಕುಡಿತದಿಂದ ದೂರವುಳಿಯಲು ಯತ್ನಿಸುವ ಕೂಟಕ್ಕೆ ಪಾನಮುಕ್ತಿ ಸಭೆಯೆನ್ನಬಹುದು. ಇಂಥವುಗಳಲ್ಲಿ ಜಗದ್ವ್ಯಾಪಿಯಾದುದು 1935ರಲ್ಲಿ ಅಮೆರಿಕದಲ್ಲಿ ಉದಯಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಎ.ಎ. ಎಂಬುದು ಅದರ ರೂಢಿಯ ಹೆಸರು. ಸದಸ್ಯರ ಹೆಸರನ್ನು ಗೋಪ್ಯವಾಗಿಡುವ, ಆತ್ಮಪ್ರಚಾರವನ್ನು ವರ್ಜಿಸಿದ ಬಳಗವೊಂದನ್ನು, ಅದರ ಅಗತ್ಯವಿರುವವನು ಕಂಡುಕೊಳ್ಳುವುದೆಂತು ಎಂಬ ಪ್ರಶ್ನೆಯೇ ಇದರ ಇತಿಹಾಸದ ಬಹುಭಾಗವನ್ನು ರೂಪಿಸಿದೆ.

ಇದಕ್ಕೆ ಪೂರ್ವದಲ್ಲಿಯೂ ಇಂತಹ ಯತ್ನ ನಡೆದಿತ್ತು. 1840ರಲ್ಲಿ ಬಾಲ್ಟಿಮೋರ್ ನಗರದ ಆರು ಮಂದಿ ಕುಡುಕರು ಪಾನತ್ಯಾಗದ ಪ್ರತಿಜ್ಞೆ ಕೈಗೊಂಡು ವಾಷಿಂಗ್ಟೋನಿಯನ್ ಸಂಘವನ್ನು ಸ್ಥಾಪಿಸಿದರು. ತಮ್ಮ ಕಥೆಯನ್ನು ತಾವೇ ಸಭೆಯ ಮುಂದೆ ಹೇಳುವ ಅವರ ಪದ್ಧತಿಯು ಅಪಾರ ಜನರನ್ನು ಸೆಳೆಯಿತಾದರೂ, ಪಾನನಿಷೇಧದ ವಾದವಿವಾದಗಳಲ್ಲಿ ಸಿಲುಕಿದ ಆ ಚಳವಳಿ ಬಹುಕಾಲ ಬಾಳಲಿಲ್ಲ.

ಎ.ಎ.ಯ ಸ್ಥಾಪಕರಲ್ಲೊಬ್ಬರಾದ ವಿಲಿಯಂ ವಿಲ್ಸನ್ (1895–1971) ನ್ಯೂಯಾರ್ಕಿನ ಷೇರುಪೇಟೆಯಲ್ಲಿ ವ್ಯವಹರಿಸುತ್ತಿದ್ದವರು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಸಹವಾಸದಿಂದ ಹಳೆಯ ಗೆಳೆಯನೊಬ್ಬ ಕುಡಿತ ಬಿಟ್ಟುದನ್ನು ಕಂಡು, 1934ರ ಡಿಸೆಂಬರಿನಲ್ಲಿ ಟೌನ್ಸ್ ಆಸ್ಪತ್ರೆ ಸೇರಿದ ಅವರು, ಅಲ್ಲಿಂದ ಹೊರಬಂದ ಮೇಲೆ ಮತ್ತೆ ಮದ್ಯ ಮುಟ್ಟಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅನೇಕ ವ್ಯಸನಿಗಳಿಗೆ ಉಪದೇಶಿಸಿದರು. ಕೇಳಿದವರಲ್ಲಿ ಒಬ್ಬರೂ ಕುಡಿತ ಬಿಡಲಿಲ್ಲ, ಉಪದೇಶಿಸಿದವರು ಮಾತ್ರ ಕುಡಿಯದೆ ಉಳಿದರು. ಈ ಸಂಗತಿಯ ಮಹತ್ವ ಅವರಿಗೆ ಹೊಳೆದುದು 1935ರ ಮೇ ತಿಂಗಳಿನಲ್ಲಿ, ಓಹಾಯೋ ರಾಜ್ಯದ ಅಕ್ರನ್ ನಗರದಲ್ಲಿ. ಹೋದ ಕಾರ್ಯ ಕೈಗೂಡದೆ, ಪರಿಚಿತರಾರೂ ಇಲ್ಲದ ಆ ಊರಿನ ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದಾಗ, ಒಂದು ಕಡೆ ಪಾನಗೃಹದ ಗಲಭೆಯೂ ಇನ್ನೊಂದು ಕಡೆ ಚರ್ಚುಗಳ ಹೆಸರಿನ ಪಟ್ಟಿಯೂ ದೂರವಾಣಿಯೂ ಇರಲು, ಅವರು ಪಟ್ಟಿಯತ್ತ ನಡೆದು ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಕರೆಮಾಡಿ, ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕಾಗಿದೆಯೆಂದು ಕೇಳಿಕೊಂಡರು. ಆ ವಿಚಾರಣೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆಯವರೆಗೆ ಮುಟ್ಟಿತು. ಮರುದಿನ, ಮೇ 12ರಂದು, ಆಕೆ ತಮ್ಮ ಮನೆಯಲ್ಲಿ ಕುಡಿತಕ್ಕೆ ಸಿಲುಕಿದ್ದ ಶಸ್ತ್ರವೈದ್ಯ ರಾಬರ್ಟ್ ಸ್ಮಿತ್ (1879–1950) ಅವರನ್ನು ವಿಲ್ಸನ್ನರಿಗೆ ಭೇಟಿಮಾಡಿಸಿದರು. 15 ನಿಮಿಷಕ್ಕಿಂತ ಹೆಚ್ಚು ಕೂರಲಾರೆನೆಂದು ಬಂದಿದ್ದ ಸ್ಮಿತ್, ಎದುರಿಗಿದ್ದವರು ಬುದ್ಧಿ ಹೇಳದೆ ತಮ್ಮದೇ ದುರವಸ್ಥೆಯನ್ನು ಹೇಳತೊಡಗಿದುದರಿಂದ, ರಾತ್ರಿ ಬಹಳ ಹೊತ್ತಿನವರೆಗೂ ಕುಳಿತರು. ನಡುವೆ ಒಮ್ಮೆ ಜಾರಿಬಿದ್ದರೂ, ಜೂನ್ 10ರ ತರುವಾಯ ಅವರು ಕುಡಿಯಲಿಲ್ಲ. ಆ ದಿನವನ್ನೇ ಸಂಸ್ಥೆಯ ಜನ್ಮದಿನವೆಂದು ಎಣಿಸಲಾಗುತ್ತದೆ. ಬೋಧಕನನ್ನಾಗಲಿ ವೈದ್ಯನನ್ನಾಗಲಿ ಅರಸದೆ ಸಮಾನದುಃಖಿಯನ್ನು ಅರಸಿದ ಆ ದೂರವಾಣಿ ಕರೆಯಲ್ಲಿಯೇ ಮುಂದಿನ ಸಮಸ್ತ ವ್ಯವಸ್ಥೆಯ ಬೀಜವಿದ್ದಿತೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಮೊದಮೊದಲು ಸಭೆಗಳು ಮನೆಗಳಲ್ಲಿ ನಡೆಯುತ್ತಿದ್ದುವು. ಬಲ್ಲವರ ಮೂಲಕವಲ್ಲದೆ ಅವುಗಳ ಸುಳಿವು ಸಿಗುತ್ತಿರಲಿಲ್ಲ. 1939ರ ಏಪ್ರಿಲಿನಲ್ಲಿ ಸಂಸ್ಥೆಯ ಹೆಸರನ್ನೇ ಹೊತ್ತ ಗ್ರಂಥ ಪ್ರಕಟವಾಯಿತು. ಮರುತಿಂಗಳು ಆ ಹೆಸರಿನಿಂದಲೇ ಕರೆದುಕೊಂಡ ಸಭೆ ಕ್ಲೀವ್‌ಲ್ಯಾಂಡಿನಲ್ಲಿ ಆರಂಭವಾಯಿತು. 1941ರ ಮಾರ್ಚ್ 1ರ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಬರೆದ ಲೇಖನವು ಸುಮಾರು 2,000 ಇದ್ದ ಸದಸ್ಯಸಂಖ್ಯೆಯನ್ನು ವರ್ಷಾಂತ್ಯದೊಳಗೆ 8,000ಕ್ಕೇರಿಸಿತು. ವ್ಯಸನಿಗಳ ಮಡದಿಯರೂ ತಾಯಂದಿರೂ ಬರೆದ ಓಲೆಗಳು ನ್ಯೂಯಾರ್ಕಿನ ಪುಟ್ಟ ಕಚೇರಿಯನ್ನು ತುಂಬಿದುವು. ಒಂದೊಂದಕ್ಕೂ ಉತ್ತರ ಬರೆದು, ಸಮೀಪದ ಗುಂಪಿಗೋ ಆ ಮಾರ್ಗವಾಗಿ ಸಂಚರಿಸುವ ಸದಸ್ಯನಿಗೋ ವಿಳಾಸ ಒಪ್ಪಿಸುವ ಆ ತಾಳ್ಮೆಯ ದುಡಿಮೆ ಯಾವ ಸ್ಥಾಪಕರ ಕೀರ್ತಿಗೂ ಕಡಿಮೆಯಾದುದಲ್ಲ. ಬರಬರುತ್ತ ನಗರನಗರಗಳಲ್ಲಿ ಕೇಂದ್ರ ಕಚೇರಿಗಳು ತಲೆದೋರಿ, ವಾರ, ವೇಳೆ, ಸ್ಥಳಗಳ ಪಟ್ಟಿಯನ್ನು ಅಚ್ಚುಹಾಕಿದುವು. ಕರೆ ಬಂದೊಡನೆ ಕುಡಿತ ಬಿಟ್ಟ ಇಬ್ಬರು ವ್ಯಸನಿಯ ಮನೆಗೇ ಹೋಗಿ ಕೂರುವ ಪದ್ಧತಿಯೂ ಬೆಳೆಯಿತು.

1946ರಲ್ಲಿ ಗ್ರೇಪ್‌ವೈನ್ ಎಂಬ ಮುಖಪತ್ರದಲ್ಲಿ ಪ್ರಕಟವಾಗಿ 1950ರ ಕ್ಲೀವ್‌ಲ್ಯಾಂಡ್ ಸಮ್ಮೇಳನದಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳು, ಕುಡಿತ ಬಿಡುವ ಅಪೇಕ್ಷೆಯೊಂದನ್ನೇ ಸದಸ್ಯತ್ವದ ಅರ್ಹತೆಯೆಂದು ಸಾರಿದುವು. ಹೊರಗಿನವರ ಧನಸಹಾಯವನ್ನು ನಿರಾಕರಿಸಿ, ಸಾರ್ವಜನಿಕ ವಿವಾದಗಳಿಂದ ದೂರವಿರಬೇಕೆಂದು ವಿಧಿಸಿದುವು. ಸದಸ್ಯರ ಹೆಸರು ಗೋಪ್ಯವಾಗಿರಬೇಕೆಂಬುದೂ ಅವುಗಳಲ್ಲಿ ಸೇರಿದ ಕಾರಣ ಸಭೆಗಳ ಪಟ್ಟಿಗಳಲ್ಲಿ ಗುಂಪಿನ ಹೆಸರಿರುವುದೇ ಹೊರತು ವ್ಯಕ್ತಿಯ ಪೂರ್ಣನಾಮವಿರುವುದಿಲ್ಲ. ಸಭೆಗಳಲ್ಲಿ ಮುಕ್ತ, ಸಂವೃತ ಎಂಬ ಎರಡು ಬಗೆಗಳುಂಟು: ಮೊದಲನೆಯದಕ್ಕೆ ಬಂಧುಗಳೂ ಕುತೂಹಲಿಗಳೂ ಬರಬಹುದು, ಎರಡನೆಯದು ಕುಡಿತದ ತೊಂದರೆ ತಮಗಿದೆಯೆಂದು ತಿಳಿದವರಿಗೆ ಮೀಸಲು. ಅಂಜುತ್ತ ಬರುವ ಹೊಸಬನಿಗೆ ಈ ಭೇದವನ್ನು ಮೊದಲೇ ತಿಳಿಸುವುದು ಲೇಸು. ಕುಟುಂಬದವರಿಗಾಗಿಯೇ ಇರುವ ಅಲ್-ಅನಾನ್ ಬಳಗ 1951ರಲ್ಲಿ ರೂಪುಗೊಂಡಿತು. ಹಡಗಿನವರೂ ಒಂಟಿಸ್ಥಳಗಳಲ್ಲಿರುವವರೂ ಅಂಚೆಯ ಮೂಲಕವೇ ಸಭೆ ನಡೆಸಿಕೊಂಡರು. 2020ರ ಮಹಾಮಾರಿಯ ಕಾಲದಲ್ಲಿ ಅಸಂಖ್ಯ ಸಭೆಗಳು ಅಂತರ್ಜಾಲಕ್ಕೆ ಸಾಗಿದುವು.

ಯುರೋಪಿನ ಮೊದಲ ಗುಂಪು 1946ರಲ್ಲಿ ಡಬ್ಲಿನ್ನಿನಲ್ಲಿ ಸೇರಿತು, ಭಾರತದಲ್ಲಿ ಎ.ಎ. ಬೇರೂರಿದುದು 1957ರಲ್ಲಿ. ಕರ್ನಾಟಕದಲ್ಲಿ ಇದರ ಜೊತೆಗೆ ಭಿನ್ನಮಾರ್ಗವೊಂದು ಬೆಳೆದಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಊರೂರುಗಳಲ್ಲಿ ಏರ್ಪಡಿಸುವ ಮದ್ಯವರ್ಜನ ಶಿಬಿರಗಳಲ್ಲಿ ವ್ಯಸನಿಯು ಸಭೆಯನ್ನು ಹುಡುಕಿ ಹೋಗುವುದಕ್ಕಿಂತ ಶಿಬಿರವೇ ಅವನ ಊರಿಗೆ ಬರುತ್ತದೆ. ಗೋಪ್ಯತೆಯ ಬದಲು ಮನೆಯವರೂ ಊರಿನ ಹಿರಿಯರೂ ಸಾಕ್ಷಿಗಳಾಗುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳನ್ನು ಕಟ್ಟಿಕೊಂಡು, ತಮ್ಮೂರಿನಲ್ಲಿಯೇ ನಿಯತವಾಗಿ ಸೇರುತ್ತಾರೆ.